ಗಾಜಿನ ಚೂರೂ ದಾಸವಾಳವೂ

ಊರ ನಡುವಿನ ದೊಡ್ಡ ಸೈಟನ್ನು ಹಳೆಯ ಮನೆಯ ಸಮೇತ ಕೊಂಡ ವಿರೂಪಣ್ಣ, ಮೊದಲು ಮಾಡಿಸಿದ ಕೆಲಸವೆಂದರೆ ಕಾಂಪೌಂಡಿನ ಮೇಲೆ ಗಾಜಿನ ಚೂರು ನೆಡಿಸಿದ್ದು.

ಮರುದಿನ ಬೆಳಿಗ್ಗೆ ಗಾಜಿನ ಚೂರು, ಬೀದಿಯತ್ತ ಬಾಗಿದ್ದ ದಾಸವಾಳದ ಗಿಡಕ್ಕೆ ಹೇಳಿತು: "ರೆಂಬೆಗಳನ್ನು ಒಳಗೆಳೆದುಕೋ. ಮಣ್ಣು, ನೀನು, ನಿನ್ನ ಹೂವು, ಎಲ್ಲವೂ ಯಜಮಾನರು ಕೊಂಡದ್ದು."

"ನಿನ್ನೆ ತಾನೇ ಒಡೆದ ಸೋಡಾ ಬಾಟಲಿ ನೀನು. ನನಗೆ ಬುದ್ಧಿ ಹೇಳಬೇಡ," ಎಂದಿತು ದಾಸವಾಳ. "ಈ ಬೀದಿಯ ದೇವರುಗಳಿಗೆಲ್ಲ ನನ್ನದೇ ಹೂವು. ನಾನು ಬಾಗುವುದು ಅತ್ತಲೇ."

"ಕಡಿಸಿಬಿಡುತ್ತಾರೆ."

"ಕಡಿಸಲಿ."

ಅಷ್ಟರಲ್ಲಿ ಎದುರುಮನೆಯ ತುಂಗಮ್ಮ ಬೀದಿಯಿಂದ ಹೂವಿಗೆ ಕೈಚಾಚಿದರು.

"ಏನಮ್ಮಾ, ನಿಮ್ಮ ಮನೆ ಗಿಡವಾ ಅದು?" ವಿರೂಪಣ್ಣ ಗದರಿದ.

"ದೇವರಿಗಪ್ಪಾ, ಎರಡೇ ಹೂವು."

ವಿರೂಪಣ್ಣ ಮಚ್ಚು ತರಿಸಿ, ಹೊರಗೆ ಬಾಗಿದ್ದ ರೆಂಬೆಗಳನ್ನೆಲ್ಲ ಕಡಿಸಿ ಬೀದಿಗೆ ಎಸೆಸಿದ. ಗಾಜಿನ ಚೂರು ಬಿಸಿಲಿಗೆ ಮಿರಮಿರ ಮಿಂಚಿತು.

ತುಂಗಮ್ಮ ಒಂದು ರೆಂಬೆ ಎತ್ತಿಕೊಂಡು ಹೋಗಿ ತಮ್ಮ ಬಾಗಿಲ ಪಕ್ಕ ನೆಟ್ಟರು. ಅದನ್ನು ಕಂಡು ಅಕ್ಕಪಕ್ಕದವರೂ ಒಂದೊಂದು ಒಯ್ದರು. ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಬೀದಿಯ ಮನೆಮನೆಯ ಮುಂದೆಯೂ ಕೆಂಪು ದಾಸವಾಳ ಅರಳಿತ್ತು.

ಮತ್ತೆ ಚಿಗುರಿದ್ದ ತಾಯಿಗಿಡ ಗೋಡೆಯಾಚೆ ಬಗ್ಗಿ ನೋಡಿತು.

"ಗಾಜೇ, ನಾನು ಹೊರಗೆ ಬಂದಾಯಿತು. ನೀನಿನ್ನೂ ಇಲ್ಲೇ ಕಾಯುತ್ತಿದ್ದೀಯಾ?"