ಮಿಂಚಿಯ ಪಾಲು, ನರಿಯ ಮಡು

ಒಂದು ಕಾಡಿನ ಹೊಳೆಯಲ್ಲಿ ನೀರುನಾಯಿಗಳ ಬಳಗವಿತ್ತು. ಅವು ಒಂಟಿಯಾಗಿ ಬೇಟೆಯಾಡುತ್ತಿರಲಿಲ್ಲ. ಸಾಲಾಗಿ ಈಜಿ ಮೀನುಗಳನ್ನು ದಡಕ್ಕೆ ಅಟ್ಟುತ್ತಿದ್ದವು. ಹಿಡಿದದ್ದೆಲ್ಲ ಬಂಡೆಯ ಮೇಲೆ ಬೀಳುತ್ತಿತ್ತು. ಮೊದಲು ಮರಿಗಳಿಗೆ, ಮುದುಕರಿಗೆ, ಕಾಯಿಲೆಯವರಿಗೆ ತೆಗೆದಿಡುತ್ತಿದ್ದವು. ಉಳಿದದ್ದು ದುಡಿಮೆಗೆ ತಕ್ಕ ಪಾಲು.

ಬಳಗದಲ್ಲಿ ಮಿಂಚಿಯಷ್ಟು ಚುರುಕಾಗಿ ಈಜುವವರು ಯಾರೂ ಇರಲಿಲ್ಲ. "ಹಿಡಿಯೋದು ನಾನು, ತಿನ್ನೋದು ಊರೆಲ್ಲ!" ಎಂದು ಅವಳು ಒಂದು ದಿನ ಗೊಣಗಿದಳು.

ಪೊದೆಯಲ್ಲಿದ್ದ ನರಿ ಕಿವಿ ನಿಮಿರಿಸಿತು. ಮೇಲಿನ ಮಡುವಿಗೆ ಮುಳ್ಳುಬೇಲಿ ಹಾಕಿ, ಇದು ನನ್ನದು ಎಂದು ಕೂತಿದ್ದ ನರಿ ಅದು.

"ಮಿಂಚಕ್ಕಾ, ನನ್ನ ಮಡುವಿಗೆ ಬಾ. ಹಿಡಿದದ್ದರಲ್ಲಿ ಅರ್ಧ ನಿನಗೆ. ಯಾರಿಗೂ ಕೊಡಬೇಕಾಗಿಲ್ಲ."

"ಇನ್ನರ್ಧ?"

"ಮಡು ನನ್ನದಲ್ವಾ!"

ಮಿಂಚಿ ಹೋದಳು. ಮೊದಮೊದಲು ಹೊಟ್ಟೆ ಬಿರಿಯುವಷ್ಟು ತಿಂದಳು. ಸುದ್ದಿ ಕೇಳಿ ಬೇರೆ ಹೊಳೆಯ ಹಸಿದ ನೀರುನಾಯಿಗಳೂ ಬೇಲಿಯ ಬಳಿ ಬಂದು ನಿಂತವು. ನರಿ ಮೀಸೆ ತಿರುವಿತು. "ಇವರು ಕಾಲು ಪಾಲಿಗೇ ದುಡೀತಾರಂತೆ. ನೀನೇನಂತೀಯ?"

ಮಿಂಚಿ ತಲೆ ತಗ್ಗಿಸಿ ಕಾಲು ಪಾಲಿಗೇ ಒಪ್ಪಿದಳು. ನರಿ ಅವರನ್ನೂ ಮಡುವಿಗೆ ಇಳಿಸಿಕೊಂಡಿತು. ಆಮೇಲೆ ಬೇಲಿಯ ಮುಳ್ಳು ಅವಳ ಪಾದಕ್ಕೆ ನಾಟಿತು. ಈಜಲಾಗಲಿಲ್ಲ.

"ನರಿಯಣ್ಣಾ, ಇವತ್ತೊಂದು ಮೀನು ಕೊಡು..."

"ಕೆಲಸ ಇಲ್ಲ, ಮೀನೂ ಇಲ್ಲ. ಹೊರಡು!"

ಕುಂಟುತ್ತಾ ಬಳಗದ ಬಂಡೆಯ ಬಳಿಗೆ ಬಂದ ಮಿಂಚಿ ನಾಚಿಕೆಯಿಂದ ಜೊಂಡಿನ ಮರೆಯಲ್ಲಿ ನಿಂತಳು. ಬಳಗದ ಹಿರಿಯಳಾದ ದೊಡ್ಡಜ್ಜಿ ಕೂಗಿದಳು. "ಅಲ್ಲೇನೇ ಅಡಗಿದ್ದೀಯ? ನಿನ್ನ ಪಾಲಿಗೆ ನೊಣ ಮುತ್ತುತ್ತಿವೆ!"

"ನಾನು ಏನೂ ಹಿಡಿದಿಲ್ಲ ಅಜ್ಜಿ."

"ಕಾಲು ಊದಿದೆಯಲ್ಲೇ! ಇದು ಭಿಕ್ಷೆ ಅಲ್ಲ, ಹಕ್ಕು. ಸುಮ್ಮನೆ ತಿನ್ನು."

ಕಾಲು ವಾಸಿಯಾದ ಕೂಡಲೇ ಮಿಂಚಿ ಬೇಲಿಯ ಬಳಿಗೆ ಓಡಿದಳು. "ನಮ್ಮ ಸಾಲಿನಲ್ಲಿ ಜಾಗ ಇದೆ, ಬನ್ರೋ!" ಮಡುವಿನಲ್ಲಿದ್ದವೆಲ್ಲ ಅವಳ ಹಿಂದೆ ಹೊರಟವು.

ನರಿ ಒಂಟಿಯಾಯಿತು. ಕಣ್ಣೆದುರೇ ಮೀನು ನೆಗೆಯುತ್ತಿದ್ದವು. ಹಿಡಿಯಲು ಬಗ್ಗಿ, ಜಾರಿ ಬಿದ್ದು, ನೀರು ಕುಡಿದು, ಹೇಗೋ ದಡ ಹತ್ತಿತು. ಒದ್ದೆ ಮೈಯಲ್ಲೇ ಬಂಡೆಯ ಬಳಿ ಬಂದು, "ಮಡು ನನ್ನದು ಕಣ್ರೋ! ನನ್ನ ಪಾಲು ಕೊಡಿ!" ಎಂದು ಅರಚಿತು.

"ಮಡು ಹೊಳೆಯದ್ದು, ನರಿಯಣ್ಣ. ಸಾಲಿಗೆ ಬಾ, ಪಾಲು ತಗೋ," ಎಂದಳು ಮಿಂಚಿ.

ನರಿ ನೀರನ್ನು ನೋಡಿತು. ಬಾಲ ಮುದುಡಿಕೊಂಡು ಹಸಿದ ಹೊಟ್ಟೆಯಲ್ಲೇ ಕಾಡು ಸೇರಿತು. ಹಿಂದೆಂದಿಗಿಂತಲೂ ಉದ್ದವಾಗಿದ್ದ ಸಾಲಿನ ಮುಂದೆ ಮಿಂಚಿ ಎದೆಯುಬ್ಬಿಸಿ ಈಜಿದಳು.

ನೀತಿ: ಬರೀ ಒಡೆತನದ ಗಳಿಕೆ ಬೇರೆಯವರು ದುಡಿಯುವ ತನಕ ಮಾತ್ರ; ದುಡಿದವರಿಗೆ ತಕ್ಕ ಪಾಲು, ದುಡಿಯಲಾಗದವರಿಗೆ ಹಕ್ಕಿನ ಪಾಲು ಕೊಡುವ ಬಳಗ ತಲೆಯೆತ್ತಿ ಬಾಳುತ್ತದೆ.