ಗಾಜಿನ ಕಪಾಟಿನ ಬ್ಯಾಗು

ದೊಡ್ಡ ಕಂಪನಿಯೊಂದರ ಮುದ್ರೆ ಹೊತ್ತ ಚರ್ಮದ ಬ್ಯಾಗು ಅಂಗಡಿಯ ಗಾಜಿನ ಕಪಾಟಿಗೆ ಬಂದು ವರ್ಷವಾಗಿತ್ತು. ಒಂದು ದಿನ ದೇವಕಿ ಟೀಚರ್ ಅದನ್ನು ಕೈಗೆತ್ತಿಕೊಂಡಾಗ ಅದರ ಎದೆ ಡವಡವ ಹೊಡೆದುಕೊಂಡಿತು. ಕೊನೆಗೂ ತನಗೊಂದು ಮನೆ ಸಿಕ್ಕಿತು!

ಟೀಚರ ಹೆಗಲಲ್ಲಿದ್ದ ಬಟ್ಟೆಚೀಲಕ್ಕೂ ಸಂಭ್ರಮವೋ ಸಂಭ್ರಮ. "ಬಾರಮ್ಮ, ಊಟದ ಡಬ್ಬಿ, ಕೊಡೆ, ಮಕ್ಕಳ ನೋಟ್‌ಬುಕ್ಕು, ಎಲ್ಲವನ್ನೂ ಇನ್ನು ಇಬ್ಬರೂ ಹಂಚಿಕೊಂಡು ಹೊರೋಣ!" ಎಂದಿತು.

ಚರ್ಮದ ಬ್ಯಾಗು ಹೌಹಾರಿತು. "ಡಬ್ಬಿ ಇಟ್ಟರೆ ನನಗೆ ಜಿಡ್ಡು ಹತ್ತುತ್ತದೆ. ಒದ್ದೆ ಕೊಡೆ ತಾಗಿದರೆ ಕಲೆ ಬೀಳುತ್ತದೆ. ನೋಟ್‌ಬುಕ್ಕು ತುಂಬಿದರೆ ಹೊಲಿಗೆ ಬಿಡುತ್ತದೆ. ನನ್ನನ್ನು ನೆಲದ ಮೇಲೂ ಇಡಕೂಡದು."

"ಬಸ್ಸಿನಲ್ಲಿ ಒಂದೇ ಸೀಟು ಸಿಕ್ಕರೆ?" ಎಂದು ಟೀಚರ್ ಕೇಳಿದರು.

"ನಾನು ಕೂರುತ್ತೇನೆ. ನೀವು ನಿಂತುಕೊಳ್ಳಿ."

ಟೀಚರ್ ಗೊಳ್ಳೆಂದು ನಕ್ಕರು. "ಹಾಗಾದರೆ ನಿನ್ನನ್ನು ನಾನೇ ಹೊರಬೇಕಲ್ಲ ತಾಯಿ! ನನಗೆ ಬೇಕಾದ್ದು ಸಾಮಾನು ಹೊರುವ ಚೀಲ," ಎಂದು ಅದನ್ನು ಕಪಾಟಿನಲ್ಲಿಟ್ಟು, ಬಸ್ಸು ತಪ್ಪೀತೆಂದು ಓಡಿದರು. ಬಟ್ಟೆಚೀಲ ಅವರ ಹೆಗಲಲ್ಲಿ ಕುಣಿಯುತ್ತಾ ಹೋಯಿತು.

"ನಿಲ್ಲಿ, ನಿಲ್ಲಿ, ಡಬ್ಬಿಯಾದರೂ ಇಡಿ!" ಎಂದು ಚರ್ಮದ ಬ್ಯಾಗು ಬಾಯಿ ತೆರೆಯುವಷ್ಟರಲ್ಲಿ ಅಂಗಡಿಯಾಕೆ ಬಂದಳು. ಹೊಟ್ಟೆ ತುಂಬಿದಂತೆ ಕಾಣಲೆಂದು ಅದರೊಳಗೆ ರದ್ದಿ ಕಾಗದ ತುರುಕಿ, ಬಾಯಿ ಮುಚ್ಚಿದಳು.