ಹೊನ್ನವ್ವನ ಎರಡನೆಯ ಮಾಸು

ವರದಾ ನದಿಯ ದಂಡೆಯಲ್ಲಿ ಒಂದು ಆಶ್ರಮ. ಆಶ್ರಮದ ಒಳಗೆ ಒಂದು ಸಣ್ಣ ಹೆರಿಗೆ ಆಸ್ಪತ್ರೆ. ಅದನ್ನು ನಡೆಸುತ್ತಿದ್ದವರು ನೀಲಮ್ಮತಾಯಿ, ಕಾವಿ ಉಟ್ಟ ವೈದ್ಯೆ.

ಅವರ ಬಳಿ ಕಲಿಯಲು ಗಿರಿಜೆ ಎಂಬ ಯುವತಿ ಬಂದಳು. ಅವಳೂ ವೈದ್ಯೆಯೇ. ದೊಡ್ಡ ಊರಿನ ಪ್ರಯೋಗಾಲಯವೊಂದರಲ್ಲಿ ಮಾಸಿನ ಬಗ್ಗೆ ಅಭ್ಯಾಸ ಮಾಡಿದ್ದಳು.

ಬಸಿರಿನಲ್ಲಿ ತಾಯಿಗೂ ಕೂಸಿಗೂ ನಡುವೆ ಇದ್ದು, ಅನ್ನವನ್ನೂ ಉಸಿರನ್ನೂ ದಾಟಿಸಿ, ಹೆರಿಗೆಯಾದ ಮೇಲೆ ಹೊರಬೀಳುವುದು ಮಾಸು. ಅದರೊಳಗೆ ಅಪ್ಪ ಅವ್ವನಿಂದ ಬಂದ ಯಾವ ಜೀನು ಜೋರಾಗಿ ದುಡಿಯುತ್ತದೆ, ಯಾವುದು ಮೆಲ್ಲಗೆ, ಯಾವುದು ಸುಮ್ಮನಿರುತ್ತದೆ ಎಂದು ಅಳೆಯುವುದು ಗಿರಿಜೆಯ ವಿದ್ಯೆ.

ಹೊನ್ನವ್ವ ಎರಡನೆಯ ಸಲ ಬಸಿರಾಗಿ ಬಂದಾಗ ತಾಯಿಯವರು ಅವಳನ್ನು ಗಿರಿಜೆಗೆ ಒಪ್ಪಿಸಿದರು.

ಹೊನ್ನವ್ವನ ಮೊದಲ ಕೂಸು ಎಂಟು ತಿಂಗಳಿಗೆ ಹೊಟ್ಟೆಯೊಳಗೇ ತೀರಿಕೊಂಡಿತ್ತು. ಮಾಸು ಸರಿಯಾಗಿ ಬೆಳೆದಿರಲಿಲ್ಲ.

ಒಂದು ದಿನ ಹೊನ್ನವ್ವ ಕೇಳಿದಳು. "ಅಕ್ಕಾರ, ಇದೂ ಹಂಗ ಆಗ್ತದೇನ್ರಿ?"

ಗಿರಿಜೆಗೆ ಸುಳ್ಳು ಹೇಳುವುದು ಇಷ್ಟವಿರಲಿಲ್ಲ. ಅವ್ವ ಅವಳೇ, ಅಪ್ಪ ಅವನೇ, ಮಾಸೂ ಹೆಚ್ಚುಕಡಿಮೆ ಅಂಥದ್ದೇ ಇರುತ್ತದೆ, ಬಹಳ ಆಸೆ ಇಟ್ಟುಕೊಳ್ಳಬೇಡ ಎಂದಳು.

ಹೊನ್ನವ್ವ ಸೆರಗು ಸರಿಮಾಡಿಕೊಂಡು ಎದ್ದು ಹೋದಳು.

ಅಂದಿನಿಂದ ಅವಳಿಗೆ ಊಟ ಸೇರದಾಯಿತು. ಅತ್ತೆ ಬಸಲಿಂಗವ್ವ ಹೊಲಿದಿಟ್ಟಿದ್ದ ಕುಲಾವಿಯನ್ನು ಕಣ್ಣಿಗೆ ಬೀಳದ ಹಾಗೆ ಟ್ರಂಕಿನ ತಳಕ್ಕೆ ಹಾಕಿದಳು. ಹೊಟ್ಟೆಯಲ್ಲಿ ಕೂಸು ಒದ್ದರೂ ಮೇಲೆ ಕೈ ಇಡುತ್ತಿರಲಿಲ್ಲ.

ಬಸಲಿಂಗವ್ವ ಆಶ್ರಮಕ್ಕೆ ಬಂದು ಇದನ್ನೆಲ್ಲ ಹೇಳಿಕೊಂಡು ಅತ್ತಳು. ತಾಯಿಯವರು ಸೊಸೆಯನ್ನು ಕರೆತಂದು ಆಶ್ರಮದಲ್ಲೇ ಬಿಡಲು ಹೇಳಿದರು. ಆಮೇಲೆ ಗಿರಿಜೆಯನ್ನು ಕರೆಸಿದರು.

"ನಾನು ಹೇಳಿದ್ದು ಸುಳ್ಳೇ ತಾಯಿ?" ಎಂದು ಗಿರಿಜೆಯೇ ಕೇಳಿದಳು.

"ನಿಜವೆಂದು ನಿನಗೆ ಹೇಗೆ ಗೊತ್ತಾಯಿತು?"

"ಅದೇ ಮೈ. ಮಾಸು ಬೇರೆ ಹೇಗಾದೀತು?"

ತಾಯಿಯವರು ಒಳಗೆ ಹೋಗಿ ಶೀತಪೆಟ್ಟಿಗೆಯಿಂದ ಮೂರು ಪುಟ್ಟ ಸೀಸೆಗಳನ್ನು ತಂದರು. ಒಂದೊಂದರಲ್ಲೂ ಒಂದೊಂದು ಮಾಸಿನ ಚೂರು. ಹೆತ್ತವರೇ ಒಪ್ಪಿ ಕೊಟ್ಟದ್ದು. ಮೂರೂ ಆರೋಗ್ಯವಾಗಿ ಹುಟ್ಟಿದ ಕೂಸುಗಳವು.

"ಇದರಲ್ಲಿ ಎರಡು ಒಬ್ಬಳೇ ತಾಯಿಯವು, ಅಪ್ಪನೂ ಒಬ್ಬನೇ. ಯಾವ ಎರಡು, ಜೀನುಗಳ ದುಡಿಮೆಯೊಂದನ್ನೇ ನೋಡಿ ಹೇಳು."

ಗಿರಿಜೆಗೆ ಅದು ಸುಲಭವೆನಿಸಿತು. ಸೀಸೆಗಳನ್ನು ಮಂಜುಗಡ್ಡೆಯಲ್ಲಿಟ್ಟುಕೊಂಡು ತನ್ನ ಹಳೆಯ ಪ್ರಯೋಗಾಲಯಕ್ಕೆ ಹೋದಳು.

ಅವಳು ಬರುವ ತನಕ ತಾಯಿಯವರು ದಿನವೂ ಹೊನ್ನವ್ವನ ಎದುರು ಕುಳಿತು ಉಂಡರು. ಅವಳ ತಟ್ಟೆ ಖಾಲಿಯಾಗುವವರೆಗೆ ತಾವೂ ಏಳುತ್ತಿರಲಿಲ್ಲ. ತಾಯಿಯವರನ್ನು ಕಾಯಿಸಬಾರದೆಂದು ಹೊನ್ನವ್ವ ಉಣ್ಣುತ್ತಿದ್ದಳು.

ಗಿರಿಜೆ ಮರಳಿ ಬಂದು ಎರಡು ಸೀಸೆಗಳನ್ನು ಜೊತೆಯಾಗಿ ಇಟ್ಟಳು. ಮೂರನೆಯದನ್ನು ದೂರ ಇಟ್ಟಳು.

"ಇವೆರಡು, ತಾಯಿ. ಒಂದು ಹೇಗೆ ದುಡಿದಿದೆಯೋ ಇನ್ನೊಂದೂ ಬಹುಪಾಲು ಹಾಗೆಯೇ. ಮೂರನೆಯದರ ದಾರಿಯೇ ಬೇರೆ."

ತಾಯಿಯವರು ಜೋಡಿಯಿಂದ ಒಂದು ಸೀಸೆಯನ್ನು ಎತ್ತಿ ದೂರದ ಸೀಸೆಯ ಪಕ್ಕಕ್ಕೆ ಇಟ್ಟರು.

"ಒಬ್ಬಳ ಹೊಟ್ಟೆಯವು ಇವು."

ಗಿರಿಜೆ ಸೀಸೆಗಳನ್ನೇ ನೋಡುತ್ತ ಕುಳಿತಳು.

"ಮಾಸು ಯಾತರಿಂದ ಬೆಳೆಯುತ್ತದೆ?" ಎಂದು ತಾಯಿಯವರು ಕೇಳಿದರು.

"ಕೂಸು ಯಾತರಿಂದಲೋ ಅದರಿಂದಲೇ. ಅರ್ಧ ಅಪ್ಪನದು, ಅರ್ಧ ಅವ್ವನದು."

"ಯಾವ ಅರ್ಧ?"

"ಸಲ ಸಲಕ್ಕೂ ಬೇರೆ," ಎಂದಳು ಗಿರಿಜೆ. ಹೇಳಿದ ಮೇಲೆ ಅವಳಿಗೆ ತನ್ನ ಮಾತು ತನಗೇ ಕೇಳಿಸಿತು.

ಅದು ಅವಳು ಪರೀಕ್ಷೆಗೆ ಓದಿ ಬರೆದಿದ್ದ ಮಾತೇ ಆಗಿತ್ತು. ಬಸಿರಿಯೊಬ್ಬಳು ಎದುರು ನಿಂತು ಕೇಳಿದಾಗ ಮಾತ್ರ ನೆನಪಾಗಿರಲಿಲ್ಲ.

"ಹಾಗಾದರೆ ಈ ಸಲ ಏನೂ ಆಗುವುದಿಲ್ಲ ಎಂದು ಹೇಳಲೇ?"

"ಅದು ಗೊತ್ತೇ ನಿನಗೆ?"

"ಇಲ್ಲ. ಒಮ್ಮೆ ಹೀಗಾದವರಿಗೆ ಅಪಾಯ ಉಳಿದವರಿಗಿಂತ ಹೆಚ್ಚು. ಆದರೆ ಆಗಿಯೇ ತೀರುತ್ತದೆ ಎಂದೇನೂ ಇಲ್ಲ."

"ಅಷ್ಟನ್ನೇ ಹೇಳು. ಹೇಳಿ ಎದ್ದು ಬರಬೇಡ."

ಹೊನ್ನವ್ವ ನದಿಯ ಮೆಟ್ಟಿಲ ಮೇಲೆ ಕುಳಿತಿದ್ದಳು. ಗಿರಿಜೆ ಹೋಗಿ ಪಕ್ಕದಲ್ಲಿ ಕುಳಿತಳು. ಆವತ್ತು ನಾನು ಹೇಳಿದ್ದು ಹೋದ ಸಲದ ಮಾಸಿನ ಮಾತು, ಈ ಸಲದ್ದು ಹೇಗಿದೆಯೋ ನನಗೆ ಗೊತ್ತಿರಲಿಲ್ಲ, ಗೊತ್ತಿದ್ದವಳ ಹಾಗೆ ಮಾತಾಡಿದೆ ಎಂದಳು. ಅಪಾಯ ಇಲ್ಲವೆಂದೂ ಹೇಳಲಿಲ್ಲ.

ಹೊನ್ನವ್ವ ಒಂದೇ ಮಾತು ಕೇಳಿದಳು.

"ಇದು ಬ್ಯಾರೇನ್ರಿ?"

"ಬೇರೆ."

ಹೊನ್ನವ್ವ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಅತ್ತಳು. ಅತ್ತು ಮುಗಿಯುವ ತನಕ ಗಿರಿಜೆ ಅಲ್ಲೇ ಇದ್ದಳು. ಕತ್ತಲಾಗುವ ಹೊತ್ತಿಗೆ ಹೊನ್ನವ್ವ, ಬಿಸಿ ರೊಟ್ಟಿ ಇದ್ದರೆ ಉಣ್ಣುತ್ತೇನೆ ಎಂದಳು.

ಆಮೇಲೆ ವಾರವಾರವೂ ಗಿರಿಜೆ ಸ್ಕ್ಯಾನಿಂಗ್ ಮಾಡಿದಳು. ಹೊಕ್ಕುಳಬಳ್ಳಿಯಲ್ಲಿ ರಕ್ತ ಹರಿಯುವುದನ್ನು ಹೊನ್ನವ್ವನಿಗೂ ತೋರಿಸಿದಳು. ಕೂಸು ತಿಂಗಳಿಗೆ ತಕ್ಕ ಹಾಗೆ ಬೆಳೆಯುತ್ತಿತ್ತು.

ಎಂಟನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಹೊನ್ನವ್ವ ಗೋಡೆ ಹಿಡಿದುಕೊಂಡು ಬಂದಳು. ಎದ್ದಾಗಿನಿಂದ ಕೂಸು ಅಲುಗಿಲ್ಲ ಎಂದಳು. ಅವಳ ತುಟಿ ಬಿಳಿಚಿಕೊಂಡಿತ್ತು.

ಗಿರಿಜೆ ಅವಳನ್ನು ಮಲಗಿಸಿದಳು. ಹೊಟ್ಟೆಯ ಮೇಲೆ ಯಂತ್ರ ಇಟ್ಟಳು. ತಾಯಿಯವರು ಬಾಗಿಲಲ್ಲಿ ಬಂದು ನಿಂತರು. ಒಳಗೆ ಬರಲಿಲ್ಲ.

ಗಿರಿಜೆ ಯಂತ್ರವನ್ನು ಮೆಲ್ಲಗೆ ಸರಿಸುತ್ತ ಹುಡುಕಿದಳು. ಮೊದಲು ಯಂತ್ರದ ಬರೀ ಸದ್ದು. ಆಮೇಲೆ ಕುದುರೆ ಓಡಿದ ಹಾಗೆ ಕೂಸಿನ ಎದೆಬಡಿತ.

ಸ್ವಲ್ಪ ಹೊತ್ತಿಗೆ ಕೂಸು ಎಚ್ಚರಾಗಿ ಒದೆಯಿತು. ಹೊನ್ನವ್ವ ಅಳುತ್ತಲೇ ನಕ್ಕಳು. ಗಿರಿಜೆ ಅವಳ ಕೈ ಹಿಡಿದು ಹೊಟ್ಟೆಯ ಮೇಲೆ ಇಟ್ಟಳು.

ತಿಂಗಳು ತುಂಬಿ, ಹಗಲು ಹೊತ್ತಿನಲ್ಲೇ ಹೆರಿಗೆಯಾಯಿತು. ಹೆಣ್ಣು ಕೂಸು. ಹುಟ್ಟುತ್ತಲೇ ಅಂಗಳದವರೆಗೆ ಕೇಳುವ ಹಾಗೆ ಅತ್ತಿತು. ಹೊರಗೆ ಕಾದಿದ್ದ ಬಸಲಿಂಗವ್ವ ಆ ದನಿ ಕೇಳಿ ಎರಡೂ ಕೈ ಎತ್ತಿ ನದಿಗೆ ಮುಗಿದಳು.

ಮಾಸು ಬಿತ್ತು. ಗಿರಿಜೆ ಅದನ್ನು ತೊಳೆದು ಬೋಗುಣಿಯಲ್ಲಿಟ್ಟು, ತಿರುವಿ ನೋಡಿದಳು. ದುಂಡಗೆ, ತುಂಬಿಕೊಂಡು, ಎಲ್ಲಿಯೂ ಹರಿಯದೆ ಇತ್ತು.

ತನಗೂ ನೋಡಬೇಕೆಂದು ಹೊನ್ನವ್ವ ಕೇಳಿದಳು. ಗಿರಿಜೆ ಬೋಗುಣಿಯನ್ನು ಅವಳ ಹತ್ತಿರ ಹಿಡಿದಳು. ಹೊನ್ನವ್ವ ಒಂದು ಬೆರಳಿನಿಂದ ಅದನ್ನು ಮೆಲ್ಲಗೆ ಮುಟ್ಟಿದಳು.

"ಪಾಪ, ಛಲೋ ದುಡದೈತಿ," ಎಂದಳು.

ಬಸಲಿಂಗವ್ವ ಕೂಸನ್ನು ಎತ್ತಿಕೊಂಡು ತಾಯಿಯವರ ಬಳಿ ಬಂದಳು. ಅವಳ ಮುಖ ಅರಳಿತ್ತು. ಈ ಸಲ ಎಲ್ಲ ಸುಸೂತ್ರವಾಯಿತು, ಇನ್ನು ಮುಂದಿನದಕ್ಕೂ ಹೆದರಿಕೆ ಇಲ್ಲವಲ್ಲ ಎಂದು ಕೇಳಿದಳು.

ಮುಂದಿನ ಮಾಸೂ ಬೇರೆಯೇ, ಅದರ ಮಾತು ಈಗಲೇ ಹೇಳಲಾಗದು ಎಂಬುದು ಗಿರಿಜೆಗೆ ಈಗ ಗೊತ್ತಿತ್ತು. ಅವಳು ಗುರುಗಳ ಮುಖ ನೋಡಿದಳು.

ನೀಲಮ್ಮತಾಯಿ ಕೂಸನ್ನು ಅಜ್ಜಿಯ ತೋಳಿನಿಂದ ತೆಗೆದುಕೊಂಡು ಹೊನ್ನವ್ವನ ಎದೆಯ ಮೇಲೆ ಮಲಗಿಸಿದರು.

"ಬಸಲಿಂಗವ್ವ, ಈ ಕೂಸಿಗೆ ಈಗ ಹಸಿವಾಗಿದೆ," ಎಂದರು.